ಗೆರೆಯೂ ಬರವಣಿಗೆಯೇ

ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಜಪಾನಿ ಭಾಷೆಯಲ್ಲೂ ಹಾಗೆಯೇ. ಲಿಪಿಯಲ್ಲಿ ಬೇರೆ ಬೇರೆಯಾಗಿ ಕಂಡರೂ ಎರಡು ಕೆಲಸಕ್ಕೂ ಬಾಯಲ್ಲಿ 'ಕಾಕು' ಎಂಬ ಒಂದೇ ಶಬ್ದ. ಹೀಗಿದ್ದೂ 'ಮಾಂಗಾ' ಎಂಬ ಜಪಾನಿನ ಚಿತ್ರಕತೆಗಳ ಓದುಗರಲ್ಲಿ ಒಂದು ಪ್ರಶ್ನೆ ಆಗಾಗ ಏಳುತ್ತದೆ: ಬರವಣಿಗೆ ಚೆನ್ನಾಗಿದ್ದರೆ ಸಾಕೇ, ಚಿತ್ರದ ಗುಣವೂ ಅಷ್ಟೇ ಮುಖ್ಯವೇ? ಕತೆ ಬರೆಯುವ ನಮ್ಮಂಥವರು ಮಾತಿನ ಪಕ್ಷ ವಹಿಸುವುದು ಸಹಜ. ಆ ಪಕ್ಷಕ್ಕೆ ಪುರಾವೆಯೂ ಇದೆ.

'ಒನ್' ಎಂಬ ಗುಪ್ತನಾಮದ ಲೇಖಕರು 2009ರಲ್ಲಿ ಇಂಟರ್‌ನೆಟ್ಟಿನಲ್ಲಿ 'ಒನ್ ಪಂಚ್ ಮ್ಯಾನ್' ಆರಂಭಿಸಿದರು. ಒಂದೇ ಗುದ್ದಿಗೆ ಎಂಥವರನ್ನೂ ಕೆಡವಬಲ್ಲ, ಅದರಿಂದಲೇ ಬದುಕು ಬೇಸರವಾಗಿಹೋದ ವೀರನೊಬ್ಬನ ಕತೆ. ಚಿತ್ರಗಳು ಶಾಲಾ ಹುಡುಗ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಚಿದಂತಿದ್ದವು. ಆದರೂ ಜನ ಮುಗಿಬಿದ್ದು ಓದಿದರು. 2012ರಿಂದ ಯೂಸುಕೆ ಮುರಾತಾ ಎಂಬ ನುರಿತ ಕಲಾವಿದರು ಅದೇ ಕತೆಯನ್ನು ಹೊಸದಾಗಿ ಚಿತ್ರಿಸಿದರು. ರಾಕ್ಷಸರಿಗೂ ಕಾಳಗಗಳಿಗೂ ಬೆರಗು ಹುಟ್ಟಿಸುವ ವಿವರ ಬಂತು. ಆದರೆ ನಾಯಕನ ಮೊಟ್ಟೆಯಂಥ ಬೋಳುತಲೆ, ಸಪ್ಪೆ ಮುಖ ಬಹುಮಟ್ಟಿಗೆ ಹಾಗೆಯೇ ಉಳಿದವು. ಕತೆಯ ನಗುವೂ ಬೇಸರವೂ ಇರುವುದು ಆ ಮುಖದಲ್ಲೇ ಅಲ್ಲವೇ?

ಹಾಗಾದರೆ ಚಿತ್ರದ ಗುಣವನ್ನು ಅಂದದಿಂದ ಅಳೆಯಬೇಕೇ? ಹಾಸ್ಯದ ಕತೆಯಲ್ಲಿ ಈ ಪ್ರಶ್ನೆ ಹಗುರವಾಗಿ ಕಂಡೀತು. ಹಿರೋಶಿಮಾದ ಮುಂದೆ ನಿಂತಾಗ ಅದು ನ್ಯಾಯ-ಅನ್ಯಾಯದ ಪ್ರಶ್ನೆಯಾಗುತ್ತದೆ.

1945ರ ಆಗಸ್ಟ್ 6ರಂದು ಕೇಜಿ ನಕಾಜಾವಾ ಆರು ವರ್ಷದ ಬಾಲಕ. ಶಾಲೆಯ ಗೋಡೆ ಅಡ್ಡವಾಗಿದ್ದರಿಂದ ಬದುಕಿದರು. ತಂದೆ, ಅಕ್ಕ, ತಮ್ಮ ಉಳಿಯಲಿಲ್ಲ. ಮುಂದೆ ಬೋರ್ಡು ಬರೆಯುವ ಕೆಲಸ ಮಾಡಿ, ಟೋಕಿಯೋ ಸೇರಿ ಮಾಂಗಾಕಾರರಾದರು. 1973ರಲ್ಲಿ ಹುಡುಗರ ವಾರಪತ್ರಿಕೆಯೊಂದರಲ್ಲಿ 'ಹದಾಶಿ ನೋ ಗೆನ್', ಅಂದರೆ 'ಬರಿಗಾಲ ಗೆನ್' ಶುರುಮಾಡಿದರು. ದುಂಡು ಮುಖ, ಅಗಲ ಬಾಯಿ, ನಾಜೂಕಿಲ್ಲದ ಗೆರೆ. ಅದೇ ಗೆರೆಯಲ್ಲಿ, ಸುಟ್ಟ ಚರ್ಮ ಜೋತುಬಿದ್ದ ಮನುಷ್ಯರು ನಡೆದು ಬರುತ್ತಾರೆ. ಕುಸಿದ ಮನೆಯಡಿ ಸಿಕ್ಕಿದ ತಂದೆ ಮಕ್ಕಳನ್ನು ಬೆಂಕಿ ನುಂಗುತ್ತದೆ. ಮಾತಾದರೆ 'ಸಾವಿರಾರು ಜನ ಸತ್ತರು' ಎಂದು ಮುಂದೆ ಹೋಗಬಹುದು. ಚಿತ್ರಕ್ಕೆ ಆ ಅನುಕೂಲವಿಲ್ಲ. ಸತ್ತವನಿಗೆ ಅದು ಒಂದು ಮುಖ ಕೊಡಲೇಬೇಕು.

ನಕಾಜಾವಾ 2012ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ತಿಂಗಳು ಮತ್ಸುಯೆ ನಗರದ ಶಿಕ್ಷಣಾಧಿಕಾರಿಗಳು, ಈ ಪುಸ್ತಕ ಶಾಲಾ ಗ್ರಂಥಾಲಯಗಳಲ್ಲಿ ಮಕ್ಕಳ ಕೈಗೆ ನೇರವಾಗಿ ಸಿಗದಂತೆ ಒಳಗಿಡಲು ಸೂಚಿಸಿದರು. ಜಪಾನಿ ಸೈನಿಕರ ಕ್ರೌರ್ಯದ ದೃಶ್ಯಗಳು ವಿಪರೀತವಾಗಿವೆ ಎಂಬುದು ಅವರು ಕೊಟ್ಟ ಕಾರಣ. ವಿರೋಧ ಬಲವಾದಾಗ 2013ರ ಆಗಸ್ಟಿನಲ್ಲಿ ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು. ಮಕ್ಕಳಿಗೆ ಎಷ್ಟು ತೋರಿಸಬೇಕು ಎಂಬ ಚಿಂತೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಚಿತ್ರ ಕತೆಯ ಮೈಮೇಲಿನ ಒಡವೆ ಮಾತ್ರವಾಗಿದ್ದರೆ, ಅದನ್ನು ಬಚ್ಚಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಆದ್ದರಿಂದ ಮಾಂಗಾದಲ್ಲಿ ಚಿತ್ರ ಮಾತಿನಷ್ಟೇ ಮುಖ್ಯ ಎನ್ನುತ್ತೇವೆ. ಅದರ ಗುಣವನ್ನು ಮಾತ್ರ ನಯದಿಂದ ಅಳೆಯಲಾಗದು, ಕಂಡದ್ದಕ್ಕೆ ಅದು ತೋರುವ ನಿಷ್ಠೆಯಿಂದ ಅಳೆಯಬೇಕು. ಪಳಗಿದ ಕೈ ಬೇಡವೆಂದಲ್ಲ. ಆದರೆ ಪಳಗಿದ ಕೈ ಬೂದಿಯನ್ನೂ ಚೆಲುವಾಗಿ ತೋರಿಸಿಬಿಡಬಲ್ಲದು. ಅಂಥ ಚೆಲುವನ್ನು ನೋಡಿ ನಾವು ಭೇಷ್ ಎಂದರೆ, ಆ ಬೂದಿಯಾದವರಿಗೆ ಏನೆಂದು ಉತ್ತರ ಕೊಡುವುದು?