ಮೊದಲ ಸವಾರನ ಕರ್ಮ

ಹೈದರಾಬಾದಿನ ಉಪ್ಪಲ್ ರಿಂಗ್ ರೋಡ್ ಹತ್ತಿರದ ಶೆಡ್ಡೊಂದರಲ್ಲಿ 2018ರ ಟ್ರಯಂಫ್ ಸ್ಟ್ರೀಟ್ ಟ್ರಿಪಲ್ ನೋಡಿದೆ. 765 ಸಿಸಿ, ಮೂರು ಸಿಲಿಂಡರು. ವಾರಂಟಿ ಮುಗಿದು ವರ್ಷಗಳಾಗಿವೆ. "ಮಖ್ಖನ್ ಗಾಡಿ ಸಾಬ್" ಅಂದ ಮಾರುವವನು. 20,000 ಕಿಲೋಮೀಟರಿಗೆ ಆಗಬೇಕಿದ್ದ ವಾಲ್ವ್ ತಪಾಸಣೆಯ ಬಿಲ್ಲು ಮಾತ್ರ ಫೈಲಿನಲ್ಲಿಲ್ಲ.

ರಾಯಚೂರಿನಲ್ಲಿ ವೇದಾಂತದ ಪಾಠ ಕೇಳಿ ಬೆಳೆದವನಿಗೆ ಅಲ್ಲೇ ಹಳೆಯ ತಕರಾರು ನೆನಪಾಯಿತು: ಅಕೃತಾಭ್ಯಾಗಮ. ಮಾಡದ ಕರ್ಮದ ಫಲ ಉಣ್ಣಬೇಕಾಗಿ ಬರುವುದು. ನಮ್ಮ ದರ್ಶನಕಾರರು ಇದನ್ನು ದೋಷವೆಂದೇ ಎಣಿಸಿದರು. ತಣ್ಣಗಿದ್ದ ಎಂಜಿನ್ನನ್ನು ಕಿರುಚಿಸಿದವನು ಯಾರೋ, ರಿಪೇರಿಗೆ ದುಡ್ಡು ಸುರಿಯುವವನು ನಾನು. ಫಾರ್ಮ್ 29, 30ಕ್ಕೆ ಸಹಿ ಬಿದ್ದರೆ ಆರ್‌ಸಿ ನನ್ನ ಹೆಸರಿಗಾಗುತ್ತದೆ, ಸರಿ. ಅವನ ಕರ್ಮವೂ ಹಿಂದೆಯೇ ಬರುವುದು ಯಾವ ನ್ಯಾಯ?

ಆದರೆ ಈ ತಕರಾರು ನಿಲ್ಲುವುದಿಲ್ಲ. ಹೊಸದಕ್ಕಿಂತ ಅಗ್ಗವಾಗಿ ಕೊಳ್ಳುತ್ತಿದ್ದೇನಲ್ಲ, ಆ ಉಳಿತಾಯವೇ ಅವನ ಪಾಪದಲ್ಲಿ ನಾನು ಒಪ್ಪಿಕೊಂಡ ಪಾಲು. ತಿಳಿದೂ ತಿಳಿದೂ ಕೊಂಡದ್ದು ನನ್ನದೇ ಕರ್ಮ. ವಾರಂಟಿಯಾದರೂ ಏನು? ಎರಡು ವರ್ಷದ ಅಭಯಹಸ್ತ, ಅದೂ ಷರತ್ತುಗಳೊಂದಿಗೆ. (ದೇವರು ಕೂಡ ಅಷ್ಟು ಸಣ್ಣ ಅಕ್ಷರದಲ್ಲಿ ಬರೆದವನಲ್ಲ.)

ಹಾಗೆಂದು ಕಣ್ಣುಮುಚ್ಚಿ ಶರಣಾಗಬೇಡಿ. ಚಾಸಿಸ್ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಿ, ಸಾಲದ ಗಾಡಿಯಾದರೆ ಸಾಲ ತೀರಿದೆಯೆನ್ನುವ ಬ್ಯಾಂಕಿನ ಫಾರ್ಮ್ 35 ಕೇಳಿ. ನೀವು ಹೋಗುವ ಹೊತ್ತಿಗೆ ಎಂಜಿನ್ ಆಗಲೇ ಬಿಸಿಯಾಗಿದ್ದರೆ, ತಣ್ಣಗಿದ್ದಾಗಿನ ರೋಗ ಮುಚ್ಚಿಟ್ಟಿರಬಹುದು, ವಾಪಸ್ ಬನ್ನಿ.