ಹದಿನಾಲ್ಕನೆಯ ದಿನವೋ, ಭಾನುವಾರವೋ?

ಒಂದೇ ಸತ್ಯವನ್ನು ನಂಬಿದವರು ಅದನ್ನು ಒಂದೇ ದಿನ, ಒಂದೇ ಬಗೆಯಲ್ಲಿ ಆಚರಿಸಬೇಕೆ? ನಂಬಿಕೆಯಲ್ಲಿ ಐಕ್ಯವಿದ್ದು ನಡಾವಳಿಯಲ್ಲಿ ಭೇದವಿದ್ದರೆ, ಆ ಭೇದವನ್ನು ಸಹಿಸುವುದು ಔದಾರ್ಯವೆನಿಸುವುದೋ, ಸತ್ಯದ ವಿಷಯದಲ್ಲಿ ತೋರಿದ ಔದಾಸೀನ್ಯವೆನಿಸುವುದೋ? ಈ ಪ್ರಶ್ನೆ ಎಲ್ಲ ಮತಗಳಿಗೂ ಸಂಬಂಧಿಸಿದುದೇ ಆದರೂ ಕ್ರೈಸ್ತಮತದ ಮೊದಲ ಶತಮಾನಗಳ ಚರಿತ್ರೆಯಲ್ಲಿ ಅದು ಒಂದು ಹಬ್ಬದ ದಿನವನ್ನು ನೆಪವಾಗಿಸಿಕೊಂಡು ಬಲು ಸ್ಪಷ್ಟವಾಗಿ ತಲೆಯೆತ್ತಿತು. ಆ ಹಬ್ಬವೇ ಈಸ್ಟರ್, ಎಂದರೆ ಯೇಸುಕ್ರಿಸ್ತನ ಪುನರುತ್ಥಾನದ ಹಬ್ಬ.

ಯೇಸು ಹುಟ್ಟಿದುದು ಯೆಹೂದ್ಯರಲ್ಲಿ. ಆತನ ಮೊದಲ ಶಿಷ್ಯರೆಲ್ಲರೂ ಯೆಹೂದ್ಯರೇ. ಪೊಂತ್ಯ ಪಿಲಾತನು ರೋಮ್ ಚಕ್ರಾಧಿಪತ್ಯದ ಪರವಾಗಿ ಯೂದಾಯವನ್ನು ಆಳುತ್ತಿದ್ದ ಕ್ರಿ.ಶ. 26ರಿಂದ 36ರವರೆಗಿನ ಕಾಲಾವಧಿಯಲ್ಲಿ, ಯೆರೂಸಲೇಮಿನಲ್ಲಿ, ಪಸ್ಕಹಬ್ಬದ ಸಮಯದಲ್ಲಿ ಆತನು ಶಿಲುಬೆಗೇರಿದನು. ಪಸ್ಕವು ಯೆಹೂದ್ಯರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದುದರ ಸ್ಮರಣೆ. ನಿಸಾನ್ ಮಾಸದ ಹದಿನಾಲ್ಕನೆಯ ದಿನ ಇಳಿಹೊತ್ತಿನಲ್ಲಿ ಕುರಿಮರಿಯನ್ನು ವಧಿಸಿ, ಆ ರಾತ್ರಿ ಮನೆಮಂದಿಯೆಲ್ಲ ಕೂಡಿ ಉಣ್ಣುವುದು ಅಂದಿನ ಪದ್ಧತಿ. ಅವರದೂ ನಮ್ಮ ಚಾಂದ್ರಮಾನದಂತಹ ಎಣಿಕೆ. ತಿಂಗಳು ಚಂದ್ರನನ್ನು ಅನುಸರಿಸುತ್ತದೆ, ಋತು ಜಾರದಂತೆ ಆಗಾಗ ಅಧಿಕಮಾಸವೊಂದನ್ನು ಸೇರಿಸುತ್ತಾರೆ. ಆದುದರಿಂದ ಅಂದು ಪಸ್ಕವು ಯಾವ ವಾರದಲ್ಲಾದರೂ ಬರಬಹುದಾಗಿತ್ತು. ಆದರೆ ಯೇಸುವು ಸಮಾಧಿಯಿಂದ ಎದ್ದುದು ವಾರದ ಮೊದಲನೆಯ ದಿನ, ಭಾನುವಾರ, ಎಂದು ನಾಲ್ಕು ಸುವಾರ್ತೆಗಳೂ ಹೇಳುತ್ತವೆ.

ತೊಡಕು ಹುಟ್ಟಿದುದು ಇಲ್ಲಿಯೇ. ಮಹಾಘಟನೆಯೊಂದು ಒಂದು ತಿಥಿಯನ್ನೂ ಒಂದು ವಾರವನ್ನೂ ಹಿಡಿದು ನಡೆದುಹೋಯಿತು. ಮಾರನೆಯ ವರ್ಷ ಆ ತಿಥಿ ಬಂದಾಗ ಆ ವಾರವಿಲ್ಲ. ಆ ವಾರ ಬಂದಾಗ ಆ ತಿಥಿಯಿಲ್ಲ. ಭಕ್ತನು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಸೌರಮಾನದ ವಿಷುವನ್ನು ಆಚರಿಸುವ ಮನೆಯ ಮಗ್ಗುಲಲ್ಲಿಯೇ ಚಾಂದ್ರಮಾನ ಯುಗಾದಿಯನ್ನು ಆಚರಿಸುವ ಮನೆಯನ್ನು ಕಂಡಿರುವ ನಮ್ಮ ಗಡಿನಾಡಿನ ವಾಚಕರಿಗೆ ಈ ಇಕ್ಕಟ್ಟನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಏಷ್ಯಾ ಮೈನರಿನ ಕ್ರೈಸ್ತರು ಹದಿನಾಲ್ಕನೆಯ ದಿನವನ್ನು ಹಿಡಿದರು. ಅದು ಯಾವ ವಾರವೇ ಆಗಲಿ, ಅಂದು ಉಪವಾಸವನ್ನು ಮುಗಿಸಿ ಹಬ್ಬ ಮಾಡಿದರು. ರೋಮಿನವರೂ ಇತರ ಬಹುತೇಕ ಸಭೆಗಳವರೂ ಭಾನುವಾರವನ್ನು ಹಿಡಿದರು. ಸುವಾರ್ತೆಗಳೂ ಈ ದಿನಗಳ ವಿಷಯದಲ್ಲಿ ಏಕಕಂಠದಿಂದ ನುಡಿಯುವುದಿಲ್ಲ. ಮೊದಲ ಮೂರರ ಪ್ರಕಾರ ಯೇಸುವಿನ ಕಡೆಯ ಭೋಜನವೇ ಪಸ್ಕದ ಊಟ. ಯೋಹಾನನ ಸುವಾರ್ತೆಯ ಪ್ರಕಾರವಾದರೋ ಪಸ್ಕದ ಕುರಿಮರಿಗಳನ್ನು ಸಿದ್ಧಗೊಳಿಸುವ ದಿನದಂದೇ ಶಿಲುಬೆಯ ಮರಣ. ಸಭೆಯು ಈ ನಾಲ್ಕನ್ನೂ ಉಳಿಸಿಕೊಂಡಿತು, ಒಂದನ್ನು ತಿದ್ದಿ ಇನ್ನೊಂದಕ್ಕೆ ಸರಿಹೊಂದಿಸಲಿಲ್ಲ ಎಂಬುದು ಗಮನಾರ್ಹ.

ಎರಡನೆಯ ಶತಮಾನದ ನಡುವಿನಲ್ಲಿ, ಸುಮಾರು 155ರಲ್ಲಿ, ಸ್ಮುರ್ನ ಪಟ್ಟಣದ ಬಿಷಪ್ ಪಾಲಿಕಾರ್ಪನು ರೋಮಿಗೆ ಬಂದನು. ಆತನು ಆಗ ವಯೋವೃದ್ಧ. ಕ್ರಿಸ್ತನ ಶಿಷ್ಯನಾದ ಯೋಹಾನನನ್ನು ಬಲ್ಲವನೆಂದು ಎಲ್ಲರ ಗೌರವಕ್ಕೆ ಪಾತ್ರನಾಗಿದ್ದವನು. ರೋಮಿನ ಬಿಷಪ್ ಅನಿಸೀಟಸನು ಆತನೊಡನೆ ಹಬ್ಬದ ದಿನದ ವಿಷಯವಾಗಿ ಮಾತನಾಡಿದನು. ‘ಯೋಹಾನನೊಡನೆ ನಾನು ಆಚರಿಸಿದುದನ್ನು ಬಿಡಲಾರೆ’ ಎಂಬುದು ಪಾಲಿಕಾರ್ಪನ ನಿಲುವು. ‘ನನಗಿಂತ ಹಿಂದಿನ ಹಿರಿಯರು ಪಾಲಿಸಿದುದನ್ನು ನಾನು ಬಿಡಲಾರೆ’ ಎಂಬುದು ಅನಿಸೀಟಸನದು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾಗಲಿಲ್ಲ. ಮುಂದೆ ನಡೆದುದೇ ಈ ಚರಿತ್ರೆಯ ತಿರುಳು: ಅನಿಸೀಟಸನು ಗೌರವಪೂರ್ವಕವಾಗಿ ತನ್ನ ಸಭೆಯಲ್ಲಿ ಪ್ರಭುಭೋಜನದ ವಿಧಿಯನ್ನು ನಡೆಸಲು ಪಾಲಿಕಾರ್ಪನಿಗೇ ಬಿಟ್ಟುಕೊಟ್ಟನು. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು.

ಇದನ್ನು ಔದಾಸೀನ್ಯವೆನ್ನಲು ಬರುವುದಿಲ್ಲ. ದಿನ ಯಾವುದಾದರೇನು ಎಂದು ಅವರಲ್ಲಿ ಒಬ್ಬನೂ ಹೇಳಲಿಲ್ಲ. ಹಾಗೆ ಹೇಳುವವರಾಗಿದ್ದರೆ ಒಬ್ಬನು ಸುಲಭವಾಗಿ ಮಣಿಯುತ್ತಿದ್ದನು. ದಿನವು ಇಬ್ಬರಿಗೂ ಮುಖ್ಯವಾಗಿತ್ತು. ಆದರೆ ತನಗೆ ಮುಖ್ಯವಾದುದನ್ನು ತಾನು ಯಾರ ಕೈಯಿಂದ ಪಡೆದೆನೋ ಆ ಕೈಯ ಮೇಲೆ ತನಗೆಷ್ಟು ಗೌರವವೋ, ಎದುರಿನವನಿಗೂ ತನ್ನ ಹಿರಿಯರ ಮೇಲೆ ಅಷ್ಟೇ ಗೌರವವಿರುವುದೆಂಬುದನ್ನು ಇಬ್ಬರೂ ಬಲ್ಲವರಾಗಿದ್ದರು.

ಒಂದು ತಲೆಮಾರು ಕಳೆಯಿತು. ಸುಮಾರು 190ರಲ್ಲಿ ರೋಮಿನ ಬಿಷಪ್ ಆಗಿದ್ದ ವಿಕ್ಟರನು ಈ ಭೇದವನ್ನು ಕೊನೆಗಾಣಿಸಬೇಕೆಂದು ಹೊರಟನು. ಆತನ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇರಲಿಲ್ಲ. ಒಂದೇ ಮತದವರಲ್ಲಿ ಕೆಲವರು ಉಪವಾಸದಿಂದಿರುವಾಗ ಕೆಲವರು ಹಬ್ಬದೂಟ ಮಾಡುತ್ತಿದ್ದರೆ, ನಾವು ಒಂದೇ ಮನೆಯವರು ಎನ್ನುವುದಾದರೂ ಹೇಗೆ? ಎಫೆಸದ ಪಾಲಿಕ್ರಟೀಸನು ಏಷ್ಯಾ ಸೀಮೆಯ ಪರವಾಗಿ ಉತ್ತರ ಬರೆದು, ತಮ್ಮ ಮಣ್ಣಿನಲ್ಲಿ ಹೂಳಲ್ಪಟ್ಟಿರುವ ಫಿಲಿಪ್ಪ, ಯೋಹಾನ, ಪಾಲಿಕಾರ್ಪ ಮೊದಲಾದವರ ಹೆಸರುಗಳನ್ನು ಎತ್ತಿ ಹೇಳಿ, ಬೆದರಿಕೆಗೆ ತಾನು ಅಂಜುವುದಿಲ್ಲವೆಂದನು. ವಿಕ್ಟರನು ಆ ಸೀಮೆಯ ಸಭೆಗಳನ್ನೇ ಬಹಿಷ್ಕರಿಸಲು ಮುಂದಾದನು.

ಆಗ ಆತನನ್ನು ತಡೆಯಲು ಲೇಖನಿ ಹಿಡಿದವರಲ್ಲಿ ಗಾಲ್ ದೇಶದ ಲಿಯೋನ್ಸಿನ ಬಿಷಪ್ ಐರಿನಿಯಸನು ಪ್ರಮುಖನು. ಬಾಲ್ಯದಲ್ಲಿ ಪಾಲಿಕಾರ್ಪನ ಬೋಧನೆಯನ್ನು ಕೇಳಿದ್ದವನು ಆತ. ಅನಿಸೀಟಸ-ಪಾಲಿಕಾರ್ಪರ ಭೇಟಿಯನ್ನು ವಿಕ್ಟರನಿಗೆ ನೆನಪುಮಾಡಿಕೊಟ್ಟವನೂ ಆತನೇ. ಆ ಪತ್ರವನ್ನು ಚರಿತ್ರಕಾರ ಯೂಸೀಬಿಯಸನು ತನ್ನ ಗ್ರಂಥದಲ್ಲಿ ಉಳಿಸಿರುವುದರಿಂದಲೇ ಆ ಸಂಗತಿ ನಮಗೆ ತಿಳಿದುಬಂದಿದೆ. ಉಪವಾಸದ ವಿಷಯದ ಭಿನ್ನತೆಯು ನಂಬಿಕೆಯ ಐಕ್ಯವನ್ನು ಕೆಡಿಸದೆ ದೃಢಪಡಿಸುತ್ತದೆ ಎಂಬುದು ಆತನ ವಾದದ ಸಾರ. ಇಲ್ಲೊಂದು ಮಾತನ್ನು ವಿಶೇಷವಾಗಿ ಹೇಳಬೇಕು: ಐರಿನಿಯಸನು ಸ್ವತಃ ಭಾನುವಾರದ ಪಕ್ಷದವನು. ತನ್ನ ಪದ್ಧತಿಯ ಪರವಾಗಿ ಸೈರಣೆಯನ್ನು ಬೇಡುವುದು ಯಾರಿಗಾದರೂ ಸಾಧ್ಯ. ತಾನು ಒಪ್ಪದವರ ಪರವಾಗಿ, ತನ್ನವರ ಮುಂದೆಯೇ ಅದನ್ನು ಬೇಡಿದುದು ಆತನ ಹಿರಿಮೆ. ಗ್ರೀಕ್ ಭಾಷೆಯಲ್ಲಿ ಆತನ ಹೆಸರಿಗೆ ಶಾಂತಿಯೆಂಬುದೇ ಮೂಲವಾಗಿದ್ದು, ಹೆಸರಿಗೆ ತಕ್ಕವನಾದನೆಂದು ಯೂಸೀಬಿಯಸನು ಮೆಚ್ಚಿಕೊಂಡಿದ್ದಾನೆ.

ಇತರ ಹಬ್ಬಗಳ ವಿಷಯದಲ್ಲಿ ಇಷ್ಟು ಕಾವು ಏರಲಿಲ್ಲ. ಪೆಂತೆಕೋಸ್ತವು ಯೆಹೂದ್ಯರ ಸುಗ್ಗಿಹಬ್ಬದ ಎಣಿಕೆಯಿಂದಲೇ ಬಂದುದು, ಐವತ್ತನೆಯ ದಿನವೆಂಬುದೇ ಆ ಪದದ ಅರ್ಥ. ಕ್ರಿಸ್ತಜಯಂತಿಯ ದಿನವನ್ನಂತೂ ಸುವಾರ್ತೆಗಳು ಹೇಳಿಯೇ ಇಲ್ಲ. ಡಿಸೆಂಬರ್ 25 ರೋಮಿನಲ್ಲಿ ನಾಲ್ಕನೆಯ ಶತಮಾನದ ಹೊತ್ತಿಗೆ ಬಳಕೆಗೆ ಬಂದಿತು. 354ರಲ್ಲಿ ಸಂಕಲಿತವಾದ ಪಂಚಾಂಗವೊಂದು ಅದಕ್ಕೆ ಸಾಕ್ಷಿ. ಪೂರ್ವದ ಸಭೆಗಳು ಜನವರಿ 6ನ್ನು ಮನ್ನಿಸುತ್ತಿದ್ದವು. ಅರ್ಮೇನಿಯದ ಸಭೆಯು ಇಂದಿಗೂ ಕ್ರಿಸ್ತನ ಜನನವನ್ನೂ ದೀಕ್ಷಾಸ್ನಾನವನ್ನೂ ಆ ಒಂದೇ ದಿನ ಆಚರಿಸುತ್ತದೆ. ಹಾಗೆಂದು ಅವರನ್ನು ಕ್ರೈಸ್ತರಲ್ಲವೆನ್ನುವವರು ಯಾರು?

313ರ ವೇಳೆಗೆ ಕ್ರೈಸ್ತರ ಮೇಲಿನ ರಾಜಹಿಂಸೆ ನಿಂತಿತು. ಹಿಂಸೆ ನಿಂತ ಮೇಲೆ ರಾಜನ ಸ್ನೇಹವೂ ಬಂದಿತು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ನೈಸೀಯದಲ್ಲಿ ಬಿಷಪ್ಪರ ಮಹಾಸಭೆಯನ್ನು ಕರೆದನು. ಆ ವೇಳೆಗೆ ವಾದದ ರೂಪವೇ ಬದಲಾಗಿತ್ತು. ಭಾನುವಾರವೆಂಬುದನ್ನು ಬಹುಮಂದಿ ಒಪ್ಪಿದ್ದರು. ಆದರೆ ಯಾವ ಭಾನುವಾರ? ಯೆಹೂದ್ಯರು ಗೊತ್ತುಮಾಡಿದ ಪಸ್ಕವನ್ನು ನೋಡಿಕೊಂಡು ನಿರ್ಧರಿಸುವುದೋ, ಸ್ವಂತ ಗಣಿತದಿಂದಲೋ? ಎಲ್ಲರೂ ಒಂದೇ ದಿನ, ಯೆಹೂದ್ಯರ ಎಣಿಕೆಯನ್ನು ಆಶ್ರಯಿಸದೆ, ಆಚರಿಸತಕ್ಕದ್ದೆಂದು ತೀರ್ಮಾನವಾಯಿತು.

ತೀರ್ಮಾನದಲ್ಲಿ ಅನುಕೂಲವಿತ್ತೆಂಬುದನ್ನು ಒಪ್ಪಬಹುದು. ಆದರೆ ಅದನ್ನು ಸಭೆಗಳಿಗೆ ತಿಳಿಸಲು ಚಕ್ರವರ್ತಿಯು ಬರೆದ ಪತ್ರವನ್ನು ಓದಿದಾಗ ಮನಸ್ಸು ಹಿಂಜರಿಯುತ್ತದೆ. ಏಕರೂಪತೆಯ ಅಗತ್ಯಕ್ಕೆ ಅಲ್ಲಿ ಕೊಟ್ಟಿರುವ ಕಾರಣಗಳಲ್ಲಿ ಯೆಹೂದ್ಯಜನಾಂಗದ ಮೇಲಣ ತಿರಸ್ಕಾರವೂ ಒಂದು. ಯಾವ ಜನಾಂಗದ ಹಬ್ಬದಿಂದ ತಮ್ಮ ಹಬ್ಬ ಹುಟ್ಟಿತೋ, ಯಾವ ಜನಾಂಗದಲ್ಲಿ ತಮ್ಮ ಪ್ರಭುವು ಹುಟ್ಟಿದನೋ, ಅವರೊಡನೆ ಏನೊಂದೂ ಸಮಾನವಾಗಿರಬಾರದೆಂಬ ಮಾತು! 386-387ರಲ್ಲಿ ಅಂತಿಯೋಕ್ಯ ಪಟ್ಟಣದಲ್ಲಿ ಯೋಹಾನ ಕ್ರಿಸೊಸ್ತೊಮನು ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ಖಂಡಿಸಿ ಮಾಡಿದ ಪ್ರಸಂಗಗಳಲ್ಲಿ ಈ ತಿರಸ್ಕಾರ ಇನ್ನಷ್ಟು ಉಗ್ರವಾಯಿತು. ಮುಂದಿನ ಶತಮಾನಗಳಲ್ಲಿ ಯೂರೋಪಿನ ಯೆಹೂದ್ಯರು ಅಂತಹ ಮಾತುಗಳಿಗೆ ತೆತ್ತ ಬೆಲೆಯನ್ನು ಚರಿತ್ರೆಯ ಪಾಠ ಮಾಡುವ ನಾವೆಲ್ಲರೂ ಬಲ್ಲೆವು. ‘ನಾವು ಒಂದಾಗಿರೋಣ’ ಎಂಬ ಆಸೆ ತಪ್ಪಲ್ಲ. ಆದರೆ ಒಂದಾಗಲು ಹೊರಗಿನವನೊಬ್ಬನನ್ನು ಹೀಗಳೆಯಬೇಕಾಗಿ ಬಂದಾಗ ಆ ಐಕ್ಯದ ಒಳಗೇ ಏನೋ ಕೆಟ್ಟಿದೆಯೆಂದು ನನಗೆ ತೋರುತ್ತದೆ.

ಇಷ್ಟಾಗಿಯೂ ಬಯಸಿದ ಏಕರೂಪತೆ ಉಳಿಯಲಿಲ್ಲ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯು ಪಂಚಾಂಗವನ್ನು ತಿದ್ದಿ, ಅಕ್ಟೋಬರ್ 4ರ ಮಾರನೆಯ ದಿನವನ್ನು 15 ಎಂದು ಎಣಿಸುವಂತೆ ಆಜ್ಞಾಪಿಸಿದನು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಬಹುತೇಕವು ಈಸ್ಟರಿಗೆ ಹಳೆಯ ಎಣಿಕೆಯನ್ನೇ ಇಟ್ಟುಕೊಂಡವು. 2024ರಲ್ಲಿ ಪಶ್ಚಿಮದವರಿಗೆ ಮಾರ್ಚ್ 31 ಈಸ್ಟರ್. ಪೂರ್ವದವರಿಗೆ ಮೇ 5. ನೈಸೀಯದ ಸಭೆಗೆ 1700 ವರ್ಷಗಳು ತುಂಬಿದ 2025ರಲ್ಲಿ ಇಬ್ಬರಿಗೂ ಏಪ್ರಿಲ್ 20 ಒದಗಿಬಂದಿತು. ಅದು ಗಣಿತದ ಯೋಗವೇ ಹೊರತು ಯಾರ ಆಜ್ಞೆಯೂ ಅಲ್ಲ. ಯೇಸುವನ್ನು ಹೂಳಿದ ಸ್ಥಳವೆಂದು ನಂಬಲಾಗಿರುವ ಯೆರೂಸಲೇಮಿನ ದೇವಾಲಯದಲ್ಲಿ ಗ್ರೀಕರೂ ಲ್ಯಾಟಿನರೂ ಅರ್ಮೇನಿಯರೂ ಒಂದೇ ಮಾಡಿನ ಕೆಳಗೆ, ಹೊತ್ತನ್ನೂ ಜಾಗವನ್ನೂ ಹಂಚಿಕೊಂಡು, ತಮ್ಮ ತಮ್ಮ ಪೂಜೆಯನ್ನು ನಡೆಸುತ್ತಾರೆ. ಅಲ್ಲಿ ಹೆಚ್ಚಿನ ವರ್ಷಗಳಲ್ಲಿ ಈಸ್ಟರ್ ಎರಡು ಬಾರಿ ಬರುತ್ತದೆ.