ಮಗೂನ ಯಾರು ನೋಡ್ಕೊತಾರೆ?

ಬೆಂಗಳೂರಿನ ಹೊರಸುತ್ತಿನ ಜನಕ್ಕೆ ಸಮೀಕ್ಷೆಯವರು ಹೊಸಬರಲ್ಲ. ಪೀಣ್ಯದ ಪಕ್ಕದ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ವಠಾರಗಳಿಗೆ, ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ಹೆಬ್ಬಗೋಡಿ, ಬೊಮ್ಮಸಂದ್ರದ ಶೀಟು ಮನೆಗಳಿಗೆ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಹಿಂದಿನ ಟಾರ್ಪಾಲು ಗುಡಿಸಲುಗಳಿಗೆ ಫಾರಂ ಹಿಡಿದವರು ಬರುತ್ತಾರೆ, ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಮನೇಲಿ ಎಷ್ಟು ಜನ, ನಲ್ಲಿ ಇದೆಯಾ, ಗ್ಯಾಸು ಇದೆಯಾ. ಸಣ್ಣ ಮಕ್ಕಳಿದ್ದರೆ ಇನ್ನೊಂದು ಪ್ರಶ್ನೆ: ‘ನೀವು ಕೆಲಸಕ್ಕೆ ಹೋದಾಗ ಮಗೂನ ಯಾರು ನೋಡ್ಕೊತಾರೆ?’ ‘ಮನೇಲಿ ನೋಡ್ಕೊತಾರೆ ಸಾರ್’ ಅನ್ನುತ್ತಾಳೆ ತಾಯಿ. ‘ಮನೆಯವರು’ ಎಂಬ ಚೌಕದಲ್ಲಿ ಒಂದು ಟಿಕ್ಕು ಬೀಳುತ್ತದೆ. ಮುಂದಿನ ಪ್ರಶ್ನೆ.

ಈ ಟಿಕ್ಕಿನ ಬಗ್ಗೆ ಮಾತಾಡಬೇಕಾಗಿದೆ ಗೆಳೆಯರೆ. ‘ಮನೆಯವರು’ ಅಂದರೆ ಯಾರು? ಅಜ್ಜಿ ಇದ್ದರೆ ಪುಣ್ಯ. ಆದರೆ ಗಾರ್ಮೆಂಟಿಗೆ ಹೋಗುವ ಹೆಂಗಸಿನ ತಾಯಿಯೋ ಅತ್ತೆಯೋ ಊರಲ್ಲಿ ಇನ್ನೂ ಕೂಲಿಗೆ ಹೋಗುತ್ತಿರುವವರು. ದುಡಿಮೆ ಬಿಟ್ಟು ಬಂದು ಬೆಂಗಳೂರಲ್ಲಿ ಕೂರುವ ಅನುಕೂಲ ಅವರಿಗಿಲ್ಲ. ಎಷ್ಟೋ ಮನೆಗಳಲ್ಲಿ ಈ ‘ಮನೆಯವರು’ ಎಂಬುದು ಹತ್ತು ಹನ್ನೊಂದು ವರ್ಷದ ಒಬ್ಬ ಹುಡುಗಿ. ಸೊಂಟದ ಮೇಲೆ ತಮ್ಮ, ಒಲೆಯ ಮೇಲೆ ಗಂಜಿ. ಅವಳ ಹೆಸರು ಹತ್ತಿರದ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಅವಳು ಇರುವುದಿಲ್ಲ. ಆರು ತಿಂಗಳು ಬಿಟ್ಟು ಬೇರೊಂದು ಸಮೀಕ್ಷೆಯವರು ಬಂದು ಅವಳನ್ನು ‘ಶಾಲೆ ಬಿಟ್ಟ ಮಗು’ ಎಂದು ಬರೆದುಕೊಳ್ಳುತ್ತಾರೆ. ಕಾರಣದ ಚೌಕದಲ್ಲಿ ‘ಓದಿನಲ್ಲಿ ಆಸಕ್ತಿ ಇಲ್ಲ’. ಒಂದೇ ಹುಡುಗಿ. ಒಂದು ಕಾಗದದಲ್ಲಿ ಅವಳು ಪರಿಹಾರ, ಇನ್ನೊಂದು ಕಾಗದದಲ್ಲಿ ಸಮಸ್ಯೆ. ಎರಡು ಕಾಗದಗಳೂ ಒಂದನ್ನೊಂದು ನೋಡುವುದೇ ಇಲ್ಲ.

ಇದಕ್ಕೆ ಬೇರು ಫಾರಮ್ಮಿನಲ್ಲಿ ಇಲ್ಲ, ಕಾನೂನಿನಲ್ಲಿ ಇದೆ. 1950ರ ಸಂವಿಧಾನದ 45ನೇ ವಿಧಿ ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಎಂದಿತ್ತು. ಇಷ್ಟು ವರ್ಷದಿಂದ ಅಂತ ಕೆಳಗಿನ ಗೆರೆ ಎಳೆದಿರಲಿಲ್ಲ. 2002ರ 86ನೇ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು, ದೊಡ್ಡ ಮಾತೇ. ಆದರೆ ಹಕ್ಕು ಆರರಿಂದ ಹದಿನಾಲ್ಕರವರಿಗೆ. ಆರರ ಕೆಳಗಿನವರ ಪಾಲಿಗೆ ಸಿಕ್ಕಿದ್ದು ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಎಂಬ ಮಾತು. ಪ್ರಯತ್ನ ಮಾಡದಿದ್ದರೆ ಕೋರ್ಟಿಗೆ ಹೋಗಿ ಹಿಡಿಯಲು ಅಲ್ಲಿ ಏನೂ ಇಲ್ಲ. ಹಾಗಾದರೆ ನೋಡಿ: ತಮ್ಮನಿಗೆ ಹಕ್ಕಿಲ್ಲ, ಅಕ್ಕನಿಗೆ ಇದೆ. ತಮ್ಮನಿಗೆ ಇಲ್ಲದ್ದರಿಂದಲೇ ಅಕ್ಕನ ಹಕ್ಕು ಅವಳ ಸೊಂಟದಿಂದ ಜಾರಿ ಬಿದ್ದಿದೆ. ಆರು ವರ್ಷದ ಗೆರೆ ಎಳೆದವರಿಗೆ ಒಂದು ಮನೆಯೊಳಗೆ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂಬುದು ಗೊತ್ತಿರಲಿಲ್ಲವೆ? ಗೊತ್ತಿದ್ದವರ ಮನೆಯಲ್ಲಿ ಆಯಾ ಇದ್ದಿರಬೇಕು.

ಇನ್ನು ಲೆಕ್ಕಕ್ಕೇ ಸಿಗದ ಕೂಸುಗಳಿವೆ. ಹೆರಿಗೆಯಾಗಿ ಕೆಲವು ತಿಂಗಳಿಗೆ ಮಗೂನ ಊರಲ್ಲಿ ಬಿಟ್ಟು ಲೈನಿಗೆ ವಾಪಸ್ಸು ಬರುವ ತಾಯಂದಿರು ಪೀಣ್ಯದಲ್ಲಿ, ಹೊಸೂರು ರಸ್ತೆಯಲ್ಲಿ ಎಷ್ಟು ಜನ ಬೇಕು? ಮಂಡ್ಯದ ಕಡೆಯೋ ತುಮಕೂರಿನ ಕಡೆಯೋ ಮಗು ಬೆಳೆಯುತ್ತಿರುತ್ತದೆ, ತಾಯಿಯನ್ನು ಹಬ್ಬಕ್ಕೆ ಬರುವ ನೆಂಟಳ ಹಾಗೆ ನೋಡುತ್ತದೆ. ಸಮೀಕ್ಷೆಯವರು ವಠಾರಕ್ಕೆ ಬಂದಾಗ ಆ ಮನೆಯಲ್ಲಿ ಮಗುವಿಲ್ಲ. ಮಗುವಿಲ್ಲದ ಮನೆಗೆ ಮಗುವಿನ ಪ್ರಶ್ನೆ ಕೇಳುವುದಿಲ್ಲ. ಯಾವ ತಾಯಿಗೆ ಬೇಬಿ ಸಿಟ್ಟಿಂಗು ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳೇ ‘ಅವಶ್ಯಕತೆ ಇಲ್ಲದವರ’ ಪಟ್ಟಿಗೆ ಸೇರುತ್ತಾಳೆ.

ಈ ತರಹದ ಸಮೀಕ್ಷೆಗಳಿಗೆ ಎರಡು ಫಾರಂ ಇರುತ್ತವೆ. ಒಂದು ಕುಟುಂಬಗಳಿಗೆ, ಇನ್ನೊಂದು ಸೇವೆ ಒದಗಿಸುವವರಿಗೆ. ಹೀಗೆ ಎರಡು ಮಾಡಿದವರ ತಲೆಯಲ್ಲಿ ಇವು ಎರಡು ಬೇರೆ ಜನ. ಬೆಳಿಗ್ಗೆ ಎಂಟಕ್ಕೆ ವೈಟ್‌ಫೀಲ್ಡಿನ ಡೇ ಕೇರಿನ ಗೇಟಿನಲ್ಲಿ ನಿಂತು ನೋಡಿ. ಐಟಿ ಕೆಲಸದ ತಾಯಿ ಕಾರಿನಿಂದ ಮಗುವನ್ನು ಇಳಿಸಿ ಆಯಾಳ ಕೈಗೆ ಕೊಡುತ್ತಾಳೆ. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಸಂಬಳದ ದೊಡ್ಡ ತುಂಡು ಅಲ್ಲಿಗೇ ಹೋಗುತ್ತದೆ, ಮನೆಗೆ ಹೋದರೆ ಅವಳೂ ಹೆಂಗಸೇ. ಆದರೆ ಮಗುವನ್ನು ಎತ್ತಿಕೊಂಡ ಆಯಾಳ ಮಗು ಎಲ್ಲಿ? ಅದು ಗುಡಿಸಲಲ್ಲಿ, ಅಕ್ಕನ ಸೊಂಟದ ಮೇಲೆ. ಎರಡೂ ಫಾರಂ ಇವಳೊಬ್ಬಳಿಗೇ ಬರಬೇಕು. ಬೆಳಗಿನಿಂದ ಸಂಜೆವರೆಗೆ ಇವಳು ಸೇವೆ ಒದಗಿಸುವವಳು, ಸಂಜೆ ಮೇಲೆ ಕುಟುಂಬ. ಮಗು ನೋಡಿಕೊಳ್ಳುವ ಕೆಲಸ ಮೇಲಿನಿಂದ ಕೆಳಕ್ಕೆ ಕೈಬದಲಾಗುತ್ತ ಬಂದು ಕೊನೆಗೆ ಸಂಬಳ ಕೇಳಲಾಗದ ಕೈಗಳಿಗೆ ತಲುಪಿ ನಿಲ್ಲುತ್ತದೆ. ಜಾತಿ ಕೆಲಸ ಮಾಡುವ ರೀತಿಯೇ ಇದು. ಮಲ ಬಳಿಯುವುದರಲ್ಲಿ ಕಂಡ ಏಣಿ ಮಗುವಿನ ಮೂಗು ಒರೆಸುವುದರಲ್ಲೂ ಇದೆ.

ಸರ್ಕಾರವೂ ಈ ಏಣಿಯ ಒಂದು ಮೆಟ್ಟಿಲೇ. 1975ರ ಅಕ್ಟೋಬರ್ 2ರಂದು ಶುರುವಾದ ಐಸಿಡಿಎಸ್ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರಕ್ಕೆ. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಗೆ ಕೊಡುವುದಕ್ಕೆ ಇಟ್ಟ ಹೆಸರು ‘ಗೌರವಧನ’. ಗೌರವ ಇದೆ, ಧನ ಅಷ್ಟಕ್ಕಷ್ಟೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರಲ್ಲಿ ಗುಜರಾತಿನ ಹೆಂಗಸರ ಮೊಕದ್ದಮೆಯಲ್ಲಿ ಅದೇ ಕೋರ್ಟು ಇವರಿಗೂ ಗ್ರಾಚ್ಯುಟಿ ಉಂಟು, ಗೌರವಧನವೂ ಆ ಕಾಯ್ದೆಯ ಮಟ್ಟಿಗೆ ವೇತನವೇ ಎಂದಿತು. ನಡುವಿನ ಹದಿನಾರು ವರ್ಷ ಅವರು ಬಿಸಿಲಲ್ಲಿ ಕೂತು ಕೂಗಿದ್ದಾರೆ. ಜನಗಣತಿ, ಚುನಾವಣೆ, ಮನೆಮನೆ ಸಮೀಕ್ಷೆಗಳಿಗೂ ಅವರನ್ನೇ ಅಟ್ಟುವುದು. ಕೇಳುವವಳೂ ಅವಳೇ, ಉತ್ತರ ಹೇಳಬೇಕಾದವಳೂ ಅವಳೇ.

‘ಈಗಿರುವ ವ್ಯವಸ್ಥೆ ನಿಮಗೆ ತೃಪ್ತಿ ಇದೆಯಾ?’ ಇದೊಂದು ಪ್ರಶ್ನೆ ಎಲ್ಲ ಫಾರಮ್ಮಿನಲ್ಲೂ ಇರುತ್ತದೆ. ನಮ್ಮ ಹೆಣ್ಣುಮಕ್ಕಳು ‘ಹೂಂ, ಪರವಾಗಿಲ್ಲ’ ಅನ್ನುತ್ತಾರೆ. ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ವಿಧವೆಯರನ್ನೂ ವಿಧುರರನ್ನೂ ‘ನಿಮ್ಮ ಆರೋಗ್ಯ ಹೇಗಿದೆ’ ಎಂದು ಕೇಳಿದ್ದರು. ಚೆನ್ನಾಗಿಲ್ಲ ಎಂದ ಗಂಡಸರು ನೂರಕ್ಕೆ 48.5. ಹೆಂಗಸರು ನೂರಕ್ಕೆ 2.5. ಬರಗಾಲ ಗಂಡಸರನ್ನು ಮಾತ್ರ ಹುಡುಕಿಕೊಂಡು ಬಂದಿತ್ತೆ? ಅಮರ್ತ್ಯ ಸೇನ್ ಈ ಅಂಕಿಗಳನ್ನು ಎತ್ತಿ ತೋರಿಸಿದ್ದು ಇದಕ್ಕೇ: ಬೇರೆ ಬದುಕು ಸಾಧ್ಯ ಎಂದು ಕಾಣದವರು ಇರುವುದಕ್ಕೇ ಆಸೆಯನ್ನು ಕತ್ತರಿಸಿ ಹೊಂದಿಸಿಕೊಳ್ಳುತ್ತಾರೆ. ಜೀತದಾಳನ್ನು ‘ಧಣಿ ಒಳ್ಳೆಯವನಾ’ ಎಂದು ಧಣಿಯ ಜಗಲಿಯಲ್ಲಿ ಕೇಳಿ ಉತ್ತರ ಬರೆದುಕೊಂಡರೆ ಅದು ಸತ್ಯವಾಗುತ್ತದೆಯೆ?

ಇದರ ತಿರುಗುಮುರುಗು ಪ್ರಶ್ನೆಯೂ ಒಂದಿದೆ. ‘ಮಗುವನ್ನು ಅಂಗನವಾಡಿಗೆ ಯಾಕೆ ಕಳಿಸುವುದಿಲ್ಲ?’ ದೂರ ಎನ್ನುತ್ತಾರೆ, ನಿಜವಿರಬಹುದು. ‘ಕ್ಲೀನ್ ಇಲ್ಲ’ ಎನ್ನುತ್ತಾರೆ. ಎಷ್ಟೋ ಕಡೆ ನಿಜವಾಗಿಯೂ ಕ್ಲೀನ್ ಇಲ್ಲ. ಆದರೆ ಈ ಶಬ್ದದೊಳಗೆ ಏನೇನು ಅಡಗುತ್ತದೆ ಎಂಬುದು ನಮಗೆ ಗೊತ್ತು. ಕೋಲಾರ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು ದಲಿತಳೆಂದು ಮೇಲ್ಜಾತಿಯವರು ಮಕ್ಕಳನ್ನೇ ಬಿಡಿಸಿಕೊಂಡು ಹೋದದ್ದು 2015ರಲ್ಲಿ ಸುದ್ದಿಯಾಯಿತು. ಅಲ್ಲಿಯೂ ಒಬ್ಬ ಸಮೀಕ್ಷೆಯವನು ಫಾರಂ ಹಿಡಿದು ಹೋಗಿದ್ದರೆ ‘ಸ್ವಚ್ಛತೆ’ ಎಂಬ ಚೌಕಕ್ಕೆ ಎಷ್ಟು ಟಿಕ್ಕು ಬೀಳುತ್ತಿದ್ದವು? ಮುಟ್ಟಿಸಿಕೊಳ್ಳದಿರುವುದಕ್ಕೆ ಅಂತ ಚೌಕ ಯಾವ ಫಾರಮ್ಮಿನಲ್ಲೂ ಇಲ್ಲ.

ಹಾಗಾದರೆ ಸಮೀಕ್ಷೆಯೇ ಬೇಡವೆ? ಹಾಗೆ ಹೇಳುವ ಹಟ ನಮಗೆ ದುಬಾರಿ. ಎಣಿಸಿ, ನಮ್ಮನ್ನು ಎಣಿಸಿ ಎಂದು ಕೂಗಿದವರೇ ನಾವು. ಬಾಬಾಸಾಹೇಬರು ಅಂಕಿಸಂಖ್ಯೆ ಹಿಡಿದೇ ಆಳುವವರ ಮುಂದೆ ನಿಂತರು. ಎಣಿಕೆಯಲ್ಲಿ ಇಲ್ಲದವರು ಬಜೆಟ್ಟಿನಲ್ಲೂ ಇರುವುದಿಲ್ಲ. ನನ್ನ ಜಗಳ ಬೇರೆ: ಕೇಳಿದವನು ಉತ್ತರ ಹೇಳಿದವಳಿಗೆ ಏನು ಕೊಡಬೇಕು? ಕೇಳುವುದೇ ಒಂದು ಸಾಲವಲ್ಲವೆ?

ಬೇಡ ಅನ್ನುವ ಹಕ್ಕನ್ನೇ ನೋಡಿ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು ಎಂದು ಹೈಕೋರ್ಟು ಹೇಳಿತು. ಇನ್ಫೋಸಿಸ್ ನಾರಾಯಣ ಮೂರ್ತಿ, ಸುಧಾ ಮೂರ್ತಿ ದಂಪತಿ ತಾವು ಭಾಗವಹಿಸುವುದಿಲ್ಲ ಎಂದು ಬರೆದುಕೊಟ್ಟರು. ಅವರ ಹಕ್ಕು, ಚಲಾಯಿಸಿದರು. ಅದೇ ನಗರದ ಬೆಳ್ಳಂದೂರಿನ ಹತ್ತಿರ, ಕರಿಯಮ್ಮನ ಅಗ್ರಹಾರದಲ್ಲಿ, 2020ರ ಜನವರಿಯಲ್ಲಿ ಬಾಂಗ್ಲಾದೇಶದವರು ಎಂಬ ನೆಪ ಹೇಳಿ ಕೂಲಿಕಾರರ ಗುಡಿಸಲು ಕೆಡವಿದರು. ನಮ್ಮ ಉತ್ತರ ಕರ್ನಾಟಕದವರ ಗುಡಿಸಲೂ ಅದರೊಳಗಿದ್ದವು. ಅಂಥ ಕಡೆ ಒಬ್ಬ ಬಂದು ‘ಯಾವೂರು, ಮಕ್ಕಳೆಷ್ಟು, ಹಗಲು ಯಾರಿರ್ತಾರೆ’ ಎಂದರೆ ‘ಹೇಳಲ್ಲ’ ಅನ್ನುವ ಧೈರ್ಯ ಯಾರಿಗಿದೆ? ನಿಜ ಹೇಳುವ ಧೈರ್ಯ ತಾನೆ ಯಾರಿಗಿದೆ? ಇನ್ನು ಕೇಳದೆಯೇ ಮುಗಿಸುವವರೂ ಇದ್ದಾರೆ. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನಡೆದ ಸಮೀಕ್ಷೆಯಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲುಗಳಿಗೆ ಒಂದು ಮಾತೂ ಕೇಳದೆ ಚೀಟಿ ಅಂಟಿಸಿ ಹೋದರೆಂದು ಜನ ದೂರಿದರು.

ಸಾಲ ಎಂದೆ. ಅದು ತೀರುವುದು ವರದಿ ಅಚ್ಚಾದಾಗ ಅಲ್ಲ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅಂಬೇಡ್ಕರರು ಅದನ್ನು ಬೆಂಬಲಿಸಿ, ಇದರ ಹೊರೆಯ ದೊಡ್ಡ ಪಾಲು ಸರ್ಕಾರವೇ ಹೊರಬೇಕು ಎಂದರು. ತಾಯಿ ಮಗುವಿನ ಕ್ಷೇಮ ಒಂದು ಮನೆಯ ಖಾಸಗಿ ಸಂಗತಿಯಲ್ಲ ಎಂಬುದು ಅದರ ತಿರುಳು. ಸುಮಾರು ನೂರು ವರ್ಷದ ಹಿಂದಿನ ಮಾತು. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುವಿಹಾರ ಇಡಬೇಕು ಎಂದಿತು, 1976ರಲ್ಲಿ ಅದು 30ಕ್ಕೆ ಇಳಿಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಗಂಡು ಹೆಣ್ಣು ಸೇರಿಸಿ 50ಕ್ಕಿಂತ ಹೆಚ್ಚು ಕೆಲಸಗಾರರು ಎಂದು ಎಣಿಸುತ್ತದೆ. ಮಗು ಅಪ್ಪನದೂ ಹೌದು ಎಂದು ಒಪ್ಪಿದ್ದು ಒಳ್ಳೆಯದೇ. ಆದರೆ ಪೀಣ್ಯದ ನಲವತ್ತು ಜನರ ಶೆಡ್ಡಿನಲ್ಲಿ ಮೂವತ್ತೈದು ಹೆಂಗಸರಿದ್ದರೆ, ಹಳೆಯ ಲೆಕ್ಕದಲ್ಲಿ ಇದ್ದದ್ದು ಹೊಸ ಲೆಕ್ಕದಲ್ಲಿ ಹೋಯಿತು. ಹಳ್ಳಿಗಳಲ್ಲಿ ನರೇಗಾ ಕೂಲಿಯವರ ಮಕ್ಕಳಿಗೆಂದು 2023ರಲ್ಲಿ ‘ಕೂಸಿನ ಮನೆ’ಗಳನ್ನು ರಾಜ್ಯ ಸರ್ಕಾರ ಘೋಷಿಸಿತು, 4,000 ಪಂಚಾಯಿತಿಗಳಲ್ಲಿ. ಹೆಸರೇ ಚೆನ್ನಾಗಿದೆ. ಲಗ್ಗೆರೆಯ ವಠಾರಕ್ಕೆ, ಹೆಬ್ಬಗೋಡಿಯ ಶೀಟು ಮನೆಗೆ ಅಂಥದ್ದೇ ಒಂದು, ಶಿಫ್ಟು ಬಿಡುವ ಹೊತ್ತಿನ ತನಕ ಬಾಗಿಲು ತೆರೆದಿರುವಂಥದ್ದು, ಯಾಕಿಲ್ಲ? ಅಂಗನವಾಡಿ ಮುಚ್ಚಿದ ಮೇಲೂ ಮಿಷನ್ನು ಓಡುತ್ತಿರುತ್ತದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿ ಫ್ಯಾಕ್ಟರಿಯ ಶಿಶುವಿಹಾರಕ್ಕೆ ಒಯ್ಯಿ ಎನ್ನುವವರು ಆ ಹೊತ್ತಿನ ಬಸ್ಸು ಒಮ್ಮೆ ಹತ್ತಬೇಕು. ಟಿಕೆಟ್ಟೇನೋ ಉಚಿತ, ಕಾಲಿಡಲು ಜಾಗ ಬೇಕಲ್ಲ.

ಈ ಪುಟ ಓದುವ ಮೇಷ್ಟರುಗಳು, ಟೀಚರಮ್ಮಂದಿರು ಒಂದಲ್ಲ ಒಂದು ಸಮೀಕ್ಷೆಗೆ ಹೋಗಲೇಬೇಕು. ಆರ್ಡರ್ ಬರುತ್ತದೆ. ಹೋದಾಗ ‘ಮನೇಲಿ ನೋಡ್ಕೊತಾರೆ’ ಎಂಬ ಉತ್ತರ ಬಂದರೆ ಟಿಕ್ಕು ಹಾಕುವ ಮುಂಚೆ ಇನ್ನೊಂದು ಮಾತು ಕೇಳಿ: ‘ಯಾರಮ್ಮ ಅದು, ಎಷ್ಟು ವರ್ಷ?’ ಅದನ್ನು ಬರೆಯಲು ಫಾರಮ್ಮಿನಲ್ಲಿ ಚೌಕ ಇರುವುದಿಲ್ಲ, ಅಂಚಿನಲ್ಲಿ ಬರೆಯಬೇಕು. ಈಗ ಮೊಬೈಲಿನ ಆ್ಯಪು, ಅದರಲ್ಲಿ ಅಂಚೂ ಇಲ್ಲ. ಹಾಗಾಗಿ ಜೇಬಿನಲ್ಲಿ ನಲವತ್ತು ಪುಟದ ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ಅದರಲ್ಲಿ ಹೆಸರು ಬೇಡ, ಬೀದಿ ಬೇಡ. ವಯಸ್ಸು, ಎಷ್ಟನೇ ಕ್ಲಾಸಿಗೆ ನಿಂತಳು, ಸೊಂಟದ ಮೇಲಿನ ಮಗುವಿಗೆ ಎಷ್ಟು ತಿಂಗಳು, ಇಷ್ಟು ಸಾಕು. ಮುಂದಿನ ಎಸ್‌ಡಿಎಂಸಿ ಸಭೆಗೆ, ವಾರ್ಡಿನ ಸಭೆಗೆ ಅದನ್ನು ತಗೊಂಡು ಹೋಗಿ ಗಟ್ಟಿಯಾಗಿ ಓದಿ.